ಹದಿನೇಳನೇ ಮನೆಯ ರಾತ್ರಿ ಬೋರ್ಡು

ಮಾರ್ಚ್ 3, 2025, ಸೋಮವಾರ

ಕೆಲಸ: ಏನೂ ಇಲ್ಲ. ಎಲೆಕ್ಟ್ರಿಷಿಯನ್: ಆರ್. ಪೀಟ್ರಿ. ಸಹಾಯಕ: ಯಾರೂ ಇಲ್ಲ. ದೋಷ: ಇಲ್ಲ.

ಕೌನ್ಸಿಲ್ ಕೆಲಸದಿಂದ ನಿವೃತ್ತನಾಗಿ ಹನ್ನೊಂದು ವರ್ಷವಾಯಿತು. ಆದರೂ ಪುಟದ ತಲೆಗೆ ಈ ನಾಲ್ಕು ಖಾನೆ ತುಂಬದೆ ಪೆನ್ನು ಮುಂದಕ್ಕೆ ಓಡುವುದಿಲ್ಲ. ಇದು ಪುಸ್ತಕದ ತಪ್ಪು. ಉಗ್ರಾಣದವರು ಎಸೆಯಲು ಇಟ್ಟಿದ್ದ ಕೆಲಸದ ದಿನಚರಿ ಪುಸ್ತಕಗಳನ್ನು ಒಂದು ಪೆಟ್ಟಿಗೆಯಷ್ಟು ಹೊತ್ತು ತಂದಿದ್ದೆ, ಪ್ರತಿ ಪುಟದಲ್ಲೂ ಈ ಖಾನೆಗಳು ಅಚ್ಚಾಗಿವೆ. ಮೂವತ್ತೊಂದು ವರ್ಷ ಎರಡನೇ ಖಾನೆಯಲ್ಲಿ ನನ್ನ ಹೆಸರೇ ಇತ್ತು. ಮೂರನೆಯದರಲ್ಲಿ ಯಾರು ಯಾರೋ ಬಂದರು, ಹೋದರು. ನಾಲ್ಕನೆಯದರಲ್ಲಿ 'ಇಲ್ಲ' ಅನ್ನುವುದನ್ನು ಬಿಟ್ಟು ಬೇರೆ ಬರೆದ ನೆನಪಿಲ್ಲ.

ಇವತ್ತು ಕರೆಂಟ್ ಕಂಪನಿಯಿಂದ ಪತ್ರ ಬಂದಿದೆ. ನಮ್ಮ ಸಾಲಿನ ಇಪ್ಪತ್ತೆಂಟು ಮನೆಗಳಲ್ಲೂ ಮೀಟರಿನ ಪಕ್ಕ ಒಂದು ಕಪ್ಪು ಡಬ್ಬಿ ಇದೆ. ರಾತ್ರಿಯ ಅಗ್ಗದ ಕರೆಂಟನ್ನು ಯಾವಾಗ ಬಿಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಅದಕ್ಕೆ ರೇಡಿಯೊ ಸಂಕೇತ ಬರುತ್ತದೆ. ಆ ಕರೆಂಟು ಅದಕ್ಕೆಂದೇ ಇರುವ ಫ್ಯೂಸ್ ಪೆಟ್ಟಿಗೆ, ಅಂದರೆ ನನ್ನ ರಾತ್ರಿ ಬೋರ್ಡಿನ ಮೂಲಕ ಹೀಟರುಗಳಿಗೆ ಹೋಗುತ್ತದೆ, ಹೀಟರಿನೊಳಗಿನ ಇಟ್ಟಿಗೆಗಳು ಕಾಯುತ್ತವೆ, ಮರುದಿನವಿಡೀ ಮನೆ ಬೆಚ್ಚಗಿರುತ್ತದೆ. ಜೂನ್ ಕೊನೆಗೆ ಆ ಸಂಕೇತವೇ ನಿಂತುಹೋಗುತ್ತದಂತೆ. ಹಳೆಯ ನಿಯಂತ್ರಣಗಳನ್ನೆಲ್ಲ ತೆಗೆಸಿಬಿಡಿ ಎಂದು ಬರೆದಿದ್ದಾರೆ.

'ಹಳೆಯ' ಎಂಬ ಮಾತು ಓದಿ ಮೈ ಉರಿಯಿತು. ಆ ಇಪ್ಪತ್ತೆಂಟು ಬೋರ್ಡುಗಳನ್ನೂ 1986ರಲ್ಲಿ ಕೂರಿಸಿದವನು ನಾನು. ಆಗ ಇವೆಲ್ಲ ಕೌನ್ಸಿಲ್ ಮನೆಗಳು, ಊರಿನ ಆಡಳಿತ ಕಟ್ಟಿಸಿ ಬಾಡಿಗೆಗೆ ಕೊಟ್ಟವು. ಕಲ್ಲಿದ್ದಲ ಒಲೆಗಳನ್ನು ಕಿತ್ತು, ಚಳಿ ಬೀಳುವ ಮೊದಲು ಎಲ್ಲ ಮನೆಗೂ ಕರೆಂಟಿನ ಶಾಖ ಕೊಡಬೇಕೆಂದು ಅಪ್ಪಣೆಯಾಗಿತ್ತು. ಒಂಬತ್ತು ದಿನ ಮೊದಲೇ ಮುಗಿಸಿದೆವು. ಬಚ್ಚಲುಮನೆಯ ಹೀಟರಿನ ಒಂದು ತಂತಿಯ ವಿಷಯದಲ್ಲಿ ನಾನು ಕಂಡುಕೊಂಡ ಸಣ್ಣ ಜಾಣತನವೇ ಅದಕ್ಕೆ ಕಾರಣ. ಮೇಸ್ತ್ರಿ ಎಲ್ಲರೆದುರು ಬೆನ್ನು ತಟ್ಟಿದ. ನಮ್ಮ ಕಸುಬಿನ ಪದ್ಧತಿಯಂತೆ ಪ್ರತಿ ಬೋರ್ಡಿನ ಮುಚ್ಚಳದ ಒಳಮೈಗೆ ಪೆನ್ಸಿಲಿನಲ್ಲಿ ಹೆಸರು, ತಾರೀಕು ಬರೆದೆ. ಮೂರು ವರ್ಷದ ಮೇಲೆ ಕೌನ್ಸಿಲ್ ಮನೆಗಳನ್ನು ಮಾರಲು ತೆಗೆದಾಗ ಹದಿನೇಳನೆಯದನ್ನು ನಾನೇ ಕೊಂಡೆ.

ತಾನು ಮಾಡಿದ ಕೆಲಸದ ಒಳಗೇ ಸಂಸಾರ ಹೂಡಿದ ಎಲೆಕ್ಟ್ರಿಷಿಯನ್ ಎಷ್ಟು ಜನ ಸಿಕ್ಕಾರು? ಹೆಂಡತಿ ಮಾತ್ರ 2009ರಲ್ಲಿ ತಂಗಿಯ ಜತೆ ಸ್ಪೇನಿನ ಬಿಸಿಲಿಗೆ ಹೋದವಳು ಹಿಂದಿರುಗಲಿಲ್ಲ. ಹೋಗುವಾಗ ನನ್ನ ಮೇಲೆ ನೂರು ದೂರು ಹೇಳಿದಳು. ಮನೆ ತಣ್ಣಗಿದೆ ಎಂಬುದು ಅದರಲ್ಲಿ ಇರಲಿಲ್ಲ.

ಮಾರ್ಚ್ 6, ಗುರುವಾರ

ಕೆಲಸ: 18ನೇ ಮನೆ, ಹೀಟರ್ ಬೆಚ್ಚಗಾಗುತ್ತಿಲ್ಲ. ಎಲೆಕ್ಟ್ರಿಷಿಯನ್: ಆರ್. ಪೀಟ್ರಿ. ಸಹಾಯಕ: ಯಾರೂ ಇಲ್ಲ. ದೋಷ: ಮನೆಯೊಡತಿಯದು.

ಪಕ್ಕದ ಮನೆಯ ಸೆಂಗಾ ಡೋಯ್ಗ್ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಮಕ್ಕಳನ್ನು ಗದರಿಸಿ ಊಟ ಬಡಿಸಿದವಳು. ಆ ಸ್ವರ ಇನ್ನೂ ಇಳಿದಿಲ್ಲ. ಹೀಟರಿಗೆ ಎರಡು ತಿರುಗಣಿ ಇವೆ. ಒಂದು ಶಾಖ ಕೂಡಿಡುವುದಕ್ಕೆ, ಇನ್ನೊಂದು ಬಿಡುವುದಕ್ಕೆ. ಅವಳು ಮಲಗುವ ಮುಂಚೆ ಬಿಡುವುದನ್ನು ಪೂರ್ತಿ ತೆರೆದಿಟ್ಟು, ಬೆಳಗ್ಗೆ ಎದ್ದು ಚಳಿ ಎಂದು ನನ್ನನ್ನು ಬೈಯುತ್ತಾಳೆ. ನಲವತ್ತು ವರ್ಷದಿಂದ ಇದೇ ನಡೆದಿದೆ.

ನಾನು ಒಳಗೆ ಕಾಲಿಟ್ಟ ಕೂಡಲೇ ಶುರುವಾದಳು.

"ಬಂದ್ಯಾ? ಹೋಗು, ಮೊದ್ಲು ಬಚ್ಚಲುಮನೆಗೆ ಹೋಗ್ಬಿಟ್ಟು ಬಾ. ನಮ್ಮನೆ ಹೊಸಿಲು ದಾಟಿದ್ರೆ ಸಾಕು, ನಿಂಗೆ ಅವಸರ ಆಗ್ಬಿಡುತ್ತೆ. ಡಾಕ್ಟರಿಗಾದ್ರೂ ತೋರಿಸ್ಕೋ ಪೀಟ್ರಿ."

"ಗೋಡೆ ಹೀಟರಿನ ಸ್ವಿಚ್ ಆಫ್ ಮಾಡಕ್ಕೆ ಹೋಗೋದು ಕಣೆ. ಅದು ನನ್ನ ಪದ್ಧತಿ."

"ಹೂಂ ಹೂಂ. ಎಲ್ಲ ಮುದುಕರೂ ಏನೋ ಒಂದು ಹೇಳ್ತಾರೆ."

ಈ ತಮಾಷೆ ಇಡೀ ಸಾಲಿಗೆ ಗೊತ್ತು. ಯಾರ ಮನೆಗೇ ಹೋಗಲಿ, ರಾತ್ರಿ ಬೋರ್ಡು ಬಿಚ್ಚುವ ಮೊದಲು ಬಚ್ಚಲುಮನೆಗೆ ಹೋಗಿ ಅಲ್ಲಿನ ಹೀಟರ್ ಆರಿಸುತ್ತೇನೆ. ಕೆಲವರು ಬಲಗಾಲು ಮುಂದಿಡುತ್ತಾರೆ, ನಂದು ಇದು. ನಗುವವರು ನಗಲಿ. ಕರೆಂಟಿನ ತೊಂದರೆ ಬಂದರೆ ಇಪ್ಪತ್ತೆಂಟು ಮನೆಯವರೂ ಬಂದು ತಟ್ಟುವುದು ನನ್ನ ಬಾಗಿಲನ್ನೇ. ಹೊರಗಿನ ಒಬ್ಬನೇ ಒಬ್ಬ ಎಲೆಕ್ಟ್ರಿಷಿಯನ್ ನನ್ನ ಬೋರ್ಡಿಗೆ ಕೈ ಹಾಕಿಲ್ಲ. ಅದನ್ನು ನೆನೆದಾಗಲೆಲ್ಲ ಎದೆ ಉಬ್ಬುತ್ತದೆ.

ಮಾರ್ಚ್ 9, ಭಾನುವಾರ

ಕೆಲಸ: ಇಲ್ಲ. ಎಲೆಕ್ಟ್ರಿಷಿಯನ್: ಆರ್. ಪೀಟ್ರಿ. ಸಹಾಯಕ: ಇಲ್ಲ. ದೋಷ: ಇಲ್ಲ.

ಮೋರ್ವೆನ್ ಬಂದಿದ್ದಳು. ಅವಳ ಸ್ವಂತ ವ್ಯಾನು ನೋಡುವುದೇ ಒಂದು ಸೊಗಸು. ಬಿಳಿ ಬಣ್ಣ, ಪಕ್ಕದಲ್ಲಿ ನೀಲಿ ಅಕ್ಷರದಲ್ಲಿ 'ಎಂ. ಪೀಟ್ರಿ, ಎಲೆಕ್ಟ್ರಿಷಿಯನ್'. ನನ್ನ ಮಗಳು ನನ್ನ ಕಸುಬಿಗೇ ಬಂದಳಲ್ಲ ಎಂದು ಜನ ಹೊಗಳುತ್ತಾರೆ, ನಾನೂ ಹೌದೆನ್ನುತ್ತೇನೆ. ಹದಿನಾರನೇ ವಯಸ್ಸಿನಲ್ಲಿ ಅವಳು ಈ ಮಾತೆತ್ತಿದಾಗ ಬ್ಯಾಂಕಿಗೆ ಸೇರು ಎಂದು ಎರಡು ತಿಂಗಳು ಮಾತು ಬಿಟ್ಟವನೂ ನಾನೇ. ಅದನ್ನು ಜನರಿಗೆ ಹೇಳುವ ಅಗತ್ಯ ಬಿದ್ದಿಲ್ಲ.

ಬೇಳೆ ಸೂಪು, ಓಟ್ಸ್ ಬಿಸ್ಕತ್ತು ಮುಂದಿಟ್ಟುಕೊಂಡು ಪತ್ರ ಓದಿದಳು.

"ಸಾಲಿನ ಉಳಿದ ಮನೆಗಳನ್ನೆಲ್ಲ ಒಂದು ಗುತ್ತಿಗೆ ಕಂಪನಿ ಹಿಡಿದಿದೆ ಅಪ್ಪ. ಇಪ್ಪತ್ನಾಲ್ಕನೇ ತಾರೀಕು ಒಂದನೇ ಮನೆಯಿಂದ ಶುರು ಮಾಡ್ತಾರೆ. ಈ ಮನೆ ಕೆಲಸ ನಾನೇ ಮಾಡ್ತೀನಿ. ಮುಂದಿನ ಶನಿವಾರ."

"ನಾನಿಲ್ಲದೆ ಮುಚ್ಚಳ ಮುಟ್ಟಕೂಡದು."

"ನೀನು ಪಕ್ಕದಲ್ಲೇ ನಿಂತಿರು."

"ಪುಸ್ತಕದಲ್ಲಿ ಎಲೆಕ್ಟ್ರಿಷಿಯನ್ ನಾನೇ."

"ಪುಸ್ತಕದಲ್ಲಿ ಪ್ರಧಾನಮಂತ್ರಿ ಅಂತ ಬೇಕಾದ್ರೂ ಬರ್ಕೋ. ಆದ್ರೆ ಬೋರ್ಡು ಸತ್ತಿದೆ, ಕರೆಂಟಿಲ್ಲ ಅಂತ ಮೂರು ಸಲ ಟೆಸ್ಟ್ ಮಾಡದೆ ನಾನು ಕೈ ಹಾಕಲ್ಲ. ಫೇಸಿಂದ ನ್ಯೂಟ್ರಲ್ಲಿಗೆ, ಫೇಸಿಂದ ಅರ್ತಿಗೆ, ನ್ಯೂಟ್ರಲ್ಲಿಂದ ಅರ್ತಿಗೆ."

"ಮೊದಲಿನ ಎರಡು ಸಾಕು. ಮೂರನೇದು ಕಾಲೇಜು ಮೇಷ್ಟ್ರುಗಳ ಹೊತ್ತುಕಳೆ. ನಲವತ್ತು ವರ್ಷ ನಾನು ಮಾಡಿಲ್ಲ, ಬದುಕಿಲ್ವಾ?"

ಅವಳು ಸೂಪು ಕುಡಿಯುತ್ತ ನಕ್ಕಳು. ಹಟ ಮಾತ್ರ ಬಿಡಲಿಲ್ಲ. ಯಾರ ಹಟವೆಂದು ಹೇಳಬೇಕಾಗಿಲ್ಲ.

ಮಾರ್ಚ್ 15, ಶನಿವಾರ

ಕೆಲಸ: 17ನೇ ಮನೆ, ರಾತ್ರಿ ಬೋರ್ಡು ತೆಗೆಯುವುದು. ಅರ್ಧಕ್ಕೆ ನಿಂತಿದೆ. ಎಲೆಕ್ಟ್ರಿಷಿಯನ್: ಆರ್. ಪೀಟ್ರಿ. ಸಹಾಯಕಿ: ಎಂ. ಪೀಟ್ರಿ. ದೋಷ:

ಬೆಳಗ್ಗೆ ಎಂಟೂವರೆಗೆ ಬಂದಳು. ಸಮುದ್ರದ ಮಂಜು ಬೀದಿ ತುಂಬ ಕವಿದಿತ್ತು. ಮಗಳ ಮುಂದೆ ನೀಟಾಗಿರಬೇಕೆಂದು ನಾನು ಎದ್ದವನೇ ಬಚ್ಚಲುಮನೆಯ ಹೀಟರ್ ಹಾಕಿಕೊಂಡು ಗಡ್ಡ ಹೆರೆದು ಬಂದಿದ್ದೆ.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅವಳು ಮಂಡಿಯೂರಿ ಕುಳಿತಳು. ಟಾರ್ಚು ಹಿಡಿದು ನಿಂತವನು ನಾನು. ಮುಚ್ಚಳ ತೆಗೆದು, ಒಳಗಿನ ಬರಹ ನೋಡಿ ಜೋರಾಗಿ ಓದಿದಳು. "ಆರ್. ಪೀಟ್ರಿ, ಹದಿನಾಲ್ಕು, ಹತ್ತು, ಎಂಬತ್ತಾರು. ಅಪ್ಪ, ನಿನ್ನ ಅಕ್ಷರ ಆಗ್ಲೇ ಇಷ್ಟು ಕೆಟ್ಟದಾಗಿತ್ತಾ?" ಮುಚ್ಚಳವನ್ನು ಗೋಡೆಗೆ ಒರಗಿಸಿಟ್ಟಳು, ಹೆಸರು ನಮ್ಮ ಕಡೆಗಿತ್ತು. ರಾತ್ರಿ ಬೋರ್ಡಿನ ಮುಖ್ಯ ಸ್ವಿಚ್ ಆರಿಸಿ, ಫ್ಯೂಸುಗಳನ್ನೆಲ್ಲ ಕಿತ್ತು ತನ್ನ ಜೇಬಿಗೆ ಹಾಕಿಕೊಂಡಳು. ಇನ್ಯಾರೂ ತಿರುಗಿ ಸಿಕ್ಕಿಸಬಾರದೆಂದು ನಾವೆಲ್ಲ ಹಾಗೆ ಮಾಡುತ್ತೇವೆ. ಅವಳ ಕೈ ಓಡುವುದನ್ನು ನೋಡುತ್ತ ನನಗೆ ಖುಷಿಯಾಯಿತು. ಒಂದು ಸ್ಕ್ರೂ ಕೂಡ ನೆಲಕ್ಕೆ ಬೀಳಲಿಲ್ಲ.

ಒಂದು ಟೆಸ್ಟ್ ಮಾಡಿದಳು, ಏನೂ ಇಲ್ಲ. ಎರಡನೆಯದಕ್ಕೂ ಏನೂ ಇಲ್ಲ.

"ಆಯ್ತಲ್ಲ, ಇನ್ನು ನ್ಯೂಟ್ರಲ್ ತಂತಿಗಳನ್ನ ಬಿಚ್ಚು. ಹಿತ್ತಾಳೆ ಪಟ್ಟಿಯಿಂದ ಕೈಯಲ್ಲೇ ಎಳೀಬಹುದು, ಬಿಗಿ ಇರಲ್ಲ," ಎಂದೆ.

"ಇನ್ನೊಂದಿದೆ."

"ಮಂಜು ಬಿಡೋದ್ರೊಳಗೆ ಮುಗಿಸೋಣ ಮಗಳೇ. ಸುಮ್ಮನೆ ಕೈ ಹಾಕು."

ಅವಳು ಟೆಸ್ಟರಿನ ಒಂದು ಮೊನೆಯನ್ನು ನ್ಯೂಟ್ರಲ್ ಪಟ್ಟಿಗೆ, ಇನ್ನೊಂದನ್ನು ಅರ್ತಿಗೆ ಮುಟ್ಟಿಸಿದಳು. ಟೆಸ್ಟರಿನ ದೀಪಗಳು ಕೆಳಗಿನಿಂದ ಮೇಲಿನವರೆಗೆ ಹತ್ತಿಕೊಂಡವು. ಅದು ಕಿರುಗುಟ್ಟಿತು.

ಇನ್ನೂರ ಮೂವತ್ತು ವೋಲ್ಟ್. ನಾನು ಕೈ ಹಾಕು ಎಂದ ಪಟ್ಟಿಯಲ್ಲಿ.

ಅವಳು ಹಿಂದಕ್ಕೆ ಸರಿದು ಕುಳಿತಳು. ಆಮೇಲೆ ಎದ್ದು ಬಚ್ಚಲುಮನೆಗೆ ಹೋಗಿ ಹೀಟರ್ ಸ್ವಿಚ್ ಆರಿಸಿ ಬಂದು ಮತ್ತೆ ನೋಡಿದಳು. ದೀಪ ಹತ್ತಲಿಲ್ಲ. ಅಷ್ಟರಿಂದಲೇ ಅವಳಿಗೆ ಎಲ್ಲ ಅರ್ಥವಾಯಿತು. ಬಚ್ಚಲುಮನೆಯ ಹೀಟರಿಗೆ ಕರೆಂಟು ಬರುವುದು ಅಡುಗೆಮನೆಯ ಹಗಲು ಬೋರ್ಡಿನಿಂದ, ಅದರ ನ್ಯೂಟ್ರಲ್, ಅಂದರೆ ಕರೆಂಟು ಹಿಂದಿರುಗುವ ತಂತಿ, ವಾಪಸು ಬರುವುದು ಈ ರಾತ್ರಿ ಬೋರ್ಡಿಗೆ. ಇದನ್ನು ಆರಿಸಿದರೂ ಅದು ಆರಿರುವುದಿಲ್ಲ.

"ಅಪ್ಪ, ಹೀಗೆ ಯಾರು ಮಾಡಿದ್ದು?"

"ಎಷ್ಟೋ ಜನ ಕೈ ಹಾಕಿರ್ತಾರೆ. ನಲವತ್ತು ವರ್ಷದ ಬೋರ್ಡು," ಎಂದೆ.

ಅವಳು ನನ್ನ ಕಡೆ ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಮುಚ್ಚಳ ನೋಡಿದಳು. ಅದನ್ನು ಎತ್ತಿ, ಹೆಸರು ಗೋಡೆಯ ಕಡೆಗೆ ಬರುವಂತೆ ತಿರುಗಿಸಿ ಇಟ್ಟಳು. ಬೇರೆ ಎಲ್ಲೆಲ್ಲಿ ಹೀಗಿದೆಯೋ ಪತ್ತೆಯಾಗದೆ ಮುಟ್ಟುವುದಿಲ್ಲ ಎಂದು ಸಾಮಾನು ಕಟ್ಟಿಕೊಂಡು ಹೋದಳು. ಚಹಾ ಕುಡಿಯಲಿಲ್ಲ.

ಮಾರ್ಚ್ 16, ಭಾನುವಾರ

ಮಂಜು. ಫುಟ್‌ಬಾಲಿನಲ್ಲಿ ನಮ್ಮವರು ಸೋತರು. ಬರೆಯಲು ಏನೂ ಇಲ್ಲ.

ಮಾರ್ಚ್ 18, ಮಂಗಳವಾರ

ಕೆಲಸ: ಇಲ್ಲ. ಎಲೆಕ್ಟ್ರಿಷಿಯನ್: ಆರ್. ಪೀಟ್ರಿ.

ನ್ಯಾಯವಾಗಿ ಹೇಳುವುದಾದರೆ ತಪ್ಪು ಗೋಡೆ ಕಟ್ಟಿದವರದು. ಅಡುಗೆಮನೆಯಿಂದ ಬಚ್ಚಲುಮನೆಗೆ ಹೋಗುವ ಪೈಪು ಕಾಂಕ್ರೀಟಿನ ಭಾರಕ್ಕೆ ಚಪ್ಪಟೆಯಾಗಿ ಕೂತಿತ್ತು. ಮೂರು ತಂತಿ ಹೋಗಬೇಕಾದ ಕಡೆ ಎರಡೇ ಹೋಗುತ್ತಿದ್ದವು. ಗೋಡೆ ಒಡೆದರೆ ಮನೆಗೆ ಎರಡು ದಿನ ಹೆಚ್ಚು. ರಾತ್ರಿ ಬೋರ್ಡು ಬಚ್ಚಲುಮನೆಯ ಬೆನ್ನಿಗೇ ಇದೆ, ನ್ಯೂಟ್ರಲನ್ನು ಅಲ್ಲಿಂದ ಎರವಲು ತೆಗೆದುಕೊಂಡೆ. ಹೀಟರ್ ಉರಿಯಿತು. ಇಪ್ಪತ್ತೆಂಟು ಮನೆಯಲ್ಲೂ ಉರಿಯಿತು. ಮಕ್ಕಳು ಚಳಿಗಾಲದಲ್ಲಿ ಬೆಚ್ಚಗೆ ಸ್ನಾನ ಮಾಡಿದರು. ಯಾರಿಗೂ ಏನೂ ಆಗಿಲ್ಲ.

ಯಾರಿಗೂ ಏನೂ ಆಗದಿದ್ದುದು ಯಾಕೆಂದರೆ ಬಿಚ್ಚುತ್ತಿದ್ದವನು ನಾನೊಬ್ಬನೇ. ಬಿಚ್ಚುವ ಮೊದಲು ನಾನು ಬಚ್ಚಲುಮನೆಗೆ ಹೋಗಿ ಬರುತ್ತಿದ್ದೆ.

ಪದ್ಧತಿಯಂತೆ ಪದ್ಧತಿ! ತಲೆ ಮರೆತಂತೆ ನಟಿಸಿದರೂ ಕಾಲಿಗೆ ಎಲ್ಲ ಗೊತ್ತಿತ್ತು. ಶನಿವಾರ ಟಾರ್ಚು ಹಿಡಿಯುವ ಕೆಲಸವಷ್ಟೇ ನನ್ನದಾದ್ದರಿಂದ ಕಾಲು ಹೋಗಲಿಲ್ಲ.

ಸಂಜೆ ಮೋರ್ವೆನ್ ಫೋನು ಮಾಡಿದಳು.

"ಅಪ್ಪ, ಒಂದೇ ಪ್ರಶ್ನೆ. ಇಪ್ಪತ್ತೆಂಟೂ ಹಾಗೇನಾ?"

"ಸರಿಯಾಗಿ ನೆನಪಿಲ್ಲ."

"ಸೋಮವಾರ ಆ ಕಂಪನಿಯವರು ಬರ್ತಾರೆ. ದಿನಕ್ಕೆ ಮೂರು ಮನೆ ಮುಗಿಸೋ ಜನ. ಎಲ್ರೂ ಮೂರನೇ ಟೆಸ್ಟ್ ಮಾಡ್ತಾರೆ ಅಂತ ನಾನು ಹೇಳಲಾರೆ. ನೆನಪು ಮಾಡ್ಕೋ."

ಅವಳ ಧ್ವನಿಯಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ನನಗೂ ನಾಲ್ಕು ಮಾತು ಆಡುವುದಕ್ಕೆ ಆಗುತ್ತಿತ್ತು.

ಮಾರ್ಚ್ 20, ಗುರುವಾರ

ಮತ್ತೆ ಮಗಳ ಫೋನು. ಇಪ್ಪತ್ತೆಂಟೂ ಹಾಗೇ ಎಂದು ಹೇಳಿದೆ.

"ಸರಿ," ಎಂದಳು. "ಕಂಪನಿಗೆ ನಾನೇ ತಿಳಿಸ್ತೀನಿ. ನಮ್ಮ ಮನೆ ಬಿಚ್ಚುವಾಗ ಸಿಕ್ತು, ಬೇರೆ ಕಡೆನೂ ಇರಬಹುದು, ನೋಡ್ಕೊಳ್ಳಿ ಅಂತೀನಿ. ನಿನ್ನ ಹೆಸರು ಬರಲ್ಲ. ನೀನು ಯೋಚನೆ ಮಾಡ್ಬೇಡ."

ಅದನ್ನು ಕೇಳಿ ನಿರಾಳವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ನೆತ್ತಿಗೇರಿತು.

"ಇರಬಹುದು ಅಂದ್ರೆ ಅರ್ಧ ಜನ ನಂಬಲ್ಲ. ಆಮೇಲೆ, ನನ್ನ ಹೆಸರು ಯಾಕೆ ಬರಬಾರದು? ಇಪ್ಪತ್ತೆಂಟು ಮುಚ್ಚಳದಲ್ಲೂ ಬರ್ದಿದೀನಿ. ಚೆನ್ನಾಗಿದ್ದಾಗ ನಂದು, ಕೆಟ್ಟಾಗ ಯಾರದ್ದೋ ಅಂತ ಹೇಳಿಸ್ತೀಯಾ? ನಾನೇನು ಮುಖ ಮುಚ್ಕೊಂಡು ಓಡಾಡಬೇಕಾ?"

"ಅಪ್ಪ, ಶನಿವಾರ ನೀನೇ ಎಷ್ಟೋ ಜನ ಅಂದೆ."

"ಶನಿವಾರದ ಮಾತು ಬಿಡು."

"ಹಾಗಾದ್ರೆ ಏನು ಮಾಡ್ತೀಯ?" ಎಂದಳು.

"ನೋಡ್ತಿರು," ಎಂದು ಫೋನಿಟ್ಟೆ. ಏನು ಮಾಡುತ್ತೇನೆಂದು ಆಗ ನನಗೂ ಗೊತ್ತಿರಲಿಲ್ಲ. ಈಗ ಗೊತ್ತು. ಅಂಗಡಿಗೆ ಹೋಗಿ ದಪ್ಪ ಕಾಗದ, ಕೆಂಪು ಪೆನ್ನು ತಂದೆ.

ಮಾರ್ಚ್ 22, ಶನಿವಾರ

ಕೆಲಸ: ಇಪ್ಪತ್ತೇಳು ಮನೆ. ಎಲೆಕ್ಟ್ರಿಷಿಯನ್: ಆರ್. ಪೀಟ್ರಿ. ಸಹಾಯಕಿ: ಎಸ್. ಡೋಯ್ಗ್ (19ರಿಂದ). ದೋಷ: ಇದೆ. 1986ರದ್ದು. ನನ್ನದು.

ಇಪ್ಪತ್ತೇಳು ಚೀಟಿ ಬರೆದೆ: 'ಈ ಬೋರ್ಡು ಬಿಚ್ಚುವ ಮೊದಲು ಅಡುಗೆಮನೆಯ ಬೋರ್ಡನ್ನೂ ಆರಿಸಿ. ನ್ಯೂಟ್ರಲಿನಲ್ಲಿ ಕರೆಂಟು ಇರುತ್ತದೆ. ಆರ್. ಪೀಟ್ರಿ, 17ನೇ ಮನೆ.' ಎಲ್ಲ ಬರೆದು ಮುಗಿಸಿ ಓದಿದರೆ ಯಾರೋ ಮಾಡಿದ ತಪ್ಪನ್ನು ನಾನು ಕಂಡುಹಿಡಿದ ಹಾಗಿತ್ತು. ಮತ್ತೆ ಕೂತು ಎಲ್ಲದಕ್ಕೂ 'ತಪ್ಪು ನನ್ನದು' ಎಂದು ಸೇರಿಸಿದೆ. ಕೋಟು ಹಾಕಿಕೊಂಡು, ಟೈ ಕಟ್ಟಿಕೊಂಡು ಹೊರಟೆ.

ಒಂದನೇ ಮನೆಯ ಮುದುಕ ಗೆಡ್ಡಿಸ್ ಬಾಗಿಲಲ್ಲೇ ಕೇಳಿಸಿಕೊಂಡು ನನ್ನ ತೋಳು ಹಿಡಿದ.

"ಯಾಕಪ್ಪಾ ರಾನಲ್ಡ್, ಡಾಕ್ಟ್ರು ಏನಾದ್ರೂ ಅಂದ್ರಾ? ಎಷ್ಟು ತಿಂಗಳಂತೆ?"

"ನಾನು ಸಾಯ್ತಾ ಇಲ್ಲ. ನಿನ್ನ ಬೋರ್ಡಲ್ಲಿ ತಪ್ಪಿದೆ ಅಂತ ಹೇಳಕ್ಕೆ ಬಂದೆ."

"ನೀನು ತಪ್ಪು ಒಪ್ಕೋತಾ ಇದೀಯ ಅಂದ್ರೆ ಸಾಯ್ತಾ ಇದೀಯ ಅಂತಲೇ ಅರ್ಥ," ಎಂದು ನನ್ನನ್ನು ಕೂರಿಸಿ ವಿಸ್ಕಿ ಸುರಿದ. ಬೆಳಗ್ಗೆ ಹತ್ತು ಗಂಟೆ. ಕುಡಿಯದೆ ಚೀಟಿ ಅಂಟಿಸಿ ಎದ್ದೆ.

ಒಂಬತ್ತನೇ ಮನೆಯಲ್ಲಿ ಇಫೆಯೋಮ ಎಂಬ ನರ್ಸ್ ಇದ್ದಾಳೆ, ಬಂದು ಎರಡು ವರ್ಷ. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲು ತೆಗೆದಳು. ಉಳಿದವರೆಲ್ಲ ಹೇಳಿದ್ದಕ್ಕೆ ತಲೆಯಾಡಿಸಿದರು, ಇವಳು ನೇರವಾಗಿ ಕೇಳಿದಳು.

"ಮುಟ್ಟಿದವರಿಗೆ ಏನಾಗುತ್ತೆ?"

"ಮುಚ್ಚಳ ಹಾಕಿದ್ರೆ ಏನೂ ಆಗಲ್ಲಮ್ಮ."

"ತೆಗೆದಿದ್ರೆ?"

"ಸಾಯಬಹುದು," ಎಂದೆ.

ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳಿದ ಕೂಡಲೇ ಕಣ್ಣ ಮುಂದೆ ಬಂದದ್ದು ಆ ನರ್ಸಲ್ಲ, ಮಗುವಲ್ಲ. ಗೂಡಿನಲ್ಲಿ ಮಂಡಿಯೂರಿ ಕುಳಿತ ಮೋರ್ವೆನ್ ಬಂದಳು, ಅವಳ ಬಲಗೈ ಬಂತು. ಇಫೆಯೋಮ ಅಂಟಿಸುವ ಜಾಗ ತೋರಿಸಿ ಎಂದಳು, ಚೀಟಿಯನ್ನು ಅವಳೇ ಅಂಟಿಸಿದಳು. "ಬಂದು ಹೇಳಿದ್ದು ಒಳ್ಳೇದಾಯ್ತು. ಆದ್ರೆ ತಡ ಮಾಡಿದ್ರಿ," ಎಂದಳು. ಹೌದು ಎಂದೆ.

ಸೆಂಗಾಳ ಮನೆಯನ್ನು ಕಡೆಗೆ ಇಟ್ಟುಕೊಳ್ಳೋಣ ಎಂದಿದ್ದೆ. ಹದಿನಾರನೆಯದರಿಂದ ಹೊರಬರುವ ಹೊತ್ತಿಗೆ ಅವಳೇ ತನ್ನ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಗೆಡ್ಡಿಸ್ ಫೋನು ಮಾಡಿದ್ದನಂತೆ.

"ಹಾಗಾದ್ರೆ ಆ ಬಚ್ಚಲುಮನೆ ಕಥೆ ಇದೇನಾ?"

"ಇದೇ."

ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ.

"ನಲವತ್ತು ವರ್ಷ ನಾನು ಆಡ್ಕೊಂಡು ನಗ್ತಾ ಇದ್ದೆ, ನೀನು ಬಾಯಿ ಮುಚ್ಕೊಂಡಿದ್ದೆ. ನಮ್ಮ ಯಜಮಾನ್ರು ಇದ್ದಾಗ ಒಂದ್ಸಲ ತಾವೇ ಬಿಚ್ತೀನಿ ಅಂತ ಸ್ಕ್ರೂಡ್ರೈವರ್ ತಗೊಂಡಿದ್ರು. ಪೀಟ್ರಿಗೆ ಬೇಜಾರಾಗುತ್ತೆ ಬಿಡಿ ಅಂತ ನಾನೇ ತಡೆದೆ. ತಡೀದೇ ಇದ್ದಿದ್ರೆ?"

ತಲೆ ತಗ್ಗಿಸಿ ನಿಂತೆ. ಎಪ್ಪತ್ತೊಂದು ವರ್ಷಕ್ಕೆ ಅದೂ ಆಯಿತು. ಅವಳು ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು ಎಂದುಕೊಂಡೆ. ಕೋಟು ಹಾಕಿಕೊಂಡು ಬಂದಳು.

"ಇನ್ನೂ ಹತ್ತು ಮನೆ ಇದಾವಲ್ಲ. ನಡಿ. ಇಪ್ಪತ್ಮೂರನೇ ಮನೆಯವಳಿಗೆ ಕಿವಿ ಕೇಳಲ್ಲ, ನಿನ್ನ ಪಿಸುಮಾತು ಅವಳಿಗೆ ಮುಟ್ಟಲ್ಲ."

ಉಳಿದ ಮನೆಗಳಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳು ಸಾರಿಬಿಡುತ್ತಿದ್ದಳು. "ಇವನು ಎಂಬತ್ತಾರರಲ್ಲಿ ಒಂದು ಎಡವಟ್ಟು ಮಾಡಿದಾನೆ, ಈಗ ಹೇಳ್ತಾನೆ, ಕೇಳ್ಕೊಳ್ಳಿ." ಇಪ್ಪತ್ತೆಂಟು ಮುಗಿಯುವ ಹೊತ್ತಿಗೆ ಸಂಜೆ ನಾಲ್ಕು. ಕಾಲು ಬಿದ್ದುಹೋಗಿದೆ, ಹೊಟ್ಟೆಯಲ್ಲಿ ಹದಿನೈದು ಕಪ್ ಚಹಾ. ಬಹಳ ದಿನದ ಮೇಲೆ ಒಂದು ದಿನದ ಕೆಲಸ ಪೂರ್ತಿ ಮಾಡಿದ ಹಾಗಿದೆ.

ಮಾರ್ಚ್ 24, ಸೋಮವಾರ

ಕೆಲಸ: 1, 2, 3ನೇ ಮನೆ. ಎಲೆಕ್ಟ್ರಿಷಿಯನ್: ಕಂಪನಿಯವರು. ಸಹಾಯಕ: ಕೆಳಗೆ ಬರೆದಿದೆ. ದೋಷ: ಮೇಲಿನಂತೆ.

ಹತ್ತು ಗಂಟೆಗೆ ಬಾಗಿಲು ತಟ್ಟಿದ ಸದ್ದು. ಕಂಪನಿಯ ಮೇಲ್ವಿಚಾರಕ ಕ್ಯಾಲಮ್ ಬ್ಯಾಕ್ಸ್ಟರ್, ಐವತ್ತರ ಆಸುಪಾಸಿನ ಗಟ್ಟಿ ಆಳು. ಕೈಯಲ್ಲಿ ನನ್ನ ಕೆಂಪಕ್ಷರದ ಚೀಟಿ.

"ನೀವೇನಾ ಪೀಟ್ರಿ ಅವರು?"

"ನಾನೇ." ಬೈಗುಳಕ್ಕೆ ಸಿದ್ಧನಾಗಿ ನೆಟ್ಟಗೆ ನಿಂತೆ.

"ನಮ್ಮವನೊಬ್ಬ ಎರಡು ಟೆಸ್ಟ್ ಮಾಡಿ ಕೈ ಹಾಕೋನಿದ್ದ. ಇದು ಕಣ್ಣಿಗೆ ಬಿತ್ತು. ಆಮೇಲೆ ಮೂರನೇದು ಮಾಡಿ ನೋಡಿದ, ಪೂರ್ತಿ ಕರೆಂಟು. ಹೊರಗೆ ಬಂದು ಕೂತಿದಾನೆ, ಸಿಗರೇಟಿನ ಮೇಲೆ ಸಿಗರೇಟು ಹಚ್ತಾ ಇದಾನೆ." ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡ. "ಇಂಥ ಬೋರ್ಡುಗಳನ್ನ ನೂರು ನೋಡಿದೀನಿ. ಮಾಡಿದವನೇ ಹೆಸರು ಹಾಕಿ ಅಂಟಿಸಿದ ಚೀಟಿ ನೋಡಿದ್ದು ಇದೇ ಮೊದಲು."

ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ಎರಡೂ ಸೇರಿತ್ತು, ಎರಡೂ ನನಗೆ ಸಲ್ಲಬೇಕಾದದ್ದೇ. ಸಾಲಿನ ನಕಾಶೆ ಯಾರ ಬಳಿಯೂ ಉಳಿದಿಲ್ಲವಂತೆ. ಗೋಡೆಯೊಳಗಿನ ಪೈಪು ಎಲ್ಲಿ ಹೋಗುತ್ತದೆ, ಎಲ್ಲಿ ಚಪ್ಪಟೆಯಾಗಿದೆ ಎಂದು ತೋರಿಸುತ್ತೀರಾ ಎಂದು ಕೇಳಿದ. ಕೋಟು ಹಾಕಿಕೊಂಡು ಹೋದೆ. ಕಣ್ಣು ಮುಚ್ಚಿಕೊಂಡು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅವರು ಯಂತ್ರ ಹಿಡಿದು ನೋಡಿದರು, ಒಂದು ಅಂಗುಲ ಆಚೀಚೆ ಇರಲಿಲ್ಲ. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಬರೆಯಲಿ.

ಸಿಗರೇಟಿನವನ ಬಳಿ ಹೋಗಿ, ಕಲಿಯುವಾಗ ಯಾರಾದರೂ ಮೂರನೆಯದು ಹೊತ್ತುಕಳೆ ಎಂದು ಹೇಳಿಕೊಟ್ಟಿದ್ದರೆ ಅವನ ಮಾತು ನಂಬಬೇಡ ಎಂದೆ. ನನ್ನ ಮಗಳು ಒಂದನ್ನೂ ಬಿಡುವುದಿಲ್ಲ ಎಂದೆ. ಅವಳ ವ್ಯಾನಿನ ಬಣ್ಣವನ್ನೂ ಹೇಳಿದೆ.

ಏಪ್ರಿಲ್ 5, ಶನಿವಾರ

ಒಲೆಯ ಮೇಲೆ ಸೂಪಿದೆ, ಮೋರ್ವೆನ್ ಕೈ ತೊಳೆಯುತ್ತಿದ್ದಾಳೆ. ತಲೆಯ ಖಾನೆಗಳನ್ನು ಆಮೇಲೆ ತುಂಬುತ್ತೇನೆ.

ಬಿಸಿಲಿನ ದಿನ. ಅವಳು ಗೂಡಿಗೆ ಇಳಿದ ಕೂಡಲೇ ನನ್ನ ಕಾಲು ಬಚ್ಚಲುಮನೆಯ ಕಡೆ ತಿರುಗಿತು.

"ಅಪ್ಪ, ಅಡುಗೆಮನೆ ಬೋರ್ಡನ್ನೇ ಆರಿಸಿ ಬಂದಿದೀನಿ. ಹೋಗೋದಾದ್ರೆ ನಿನ್ನ ಸ್ವಂತ ಕೆಲಸಕ್ಕೆ ಹೋಗು."

ಬಾಗಿಲಲ್ಲಿ ನೋಡುತ್ತ ನಿಂತಿದ್ದ ಸೆಂಗಾ ಅಲ್ಲಿಯೇ ಕುಸಿದು ನಕ್ಕಳು.

ಒಂದನೇ ಟೆಸ್ಟ್, ಎರಡನೇ ಟೆಸ್ಟ್. ಆಮೇಲೆ ಟೆಸ್ಟರನ್ನು ನನ್ನ ಕಡೆ ಚಾಚಿದಳು. ಮಂಡಿ ಊರುವುದು ಕಷ್ಟ, ಅವಳ ಹೆಗಲು ಹಿಡಿದು ಕುಳಿತೆ. ನ್ಯೂಟ್ರಲ್ಲಿಂದ ಅರ್ತಿಗೆ. ದೀಪ ಹತ್ತಲಿಲ್ಲ. "ಇನ್ನೊಂದ್ಸಲ ನೋಡು," ಎಂದೆ. ಅವಳು ಇನ್ನೊಂದು ಸಲ ನೋಡಿದಳು. ಆಮೇಲೆ ನಾನು ಸ್ಕ್ರೂಗಳನ್ನು ಬಟ್ಟಲಿನಲ್ಲಿ ಹಿಡಿದುಕೊಂಡೆ, ಕೇಳಿದ್ದನ್ನು ಕೈಗೆ ಕೊಟ್ಟೆ, ಟಾರ್ಚು ಬೇಕಾದ ಕಡೆ ತಿರುಗಿಸಿದೆ. ಬಚ್ಚಲುಮನೆಗೆ ಗೋಡೆಯ ಹೊರಮೈಗೆ ಹೊಸ ಪೈಪು ಹಾಕಿ ಮೂರು ತಂತಿ ಎಳೆದಳು. ಎಷ್ಟು ಚೆಂದ ಬಾಗಿಸಿದಳೆಂದರೆ ಗೋಡೆಗೆ ಅದೊಂದು ಅಲಂಕಾರ.

ಹಳೆಯ ಬೋರ್ಡು ಗೋಡೆಯಿಂದ ಬಿಟ್ಟುಬಂದಾಗ ಹಿಂದೆ 1986ರ ಬಣ್ಣ ಹಾಗೇ ಇತ್ತು, ತಿಳಿಹಸಿರು. ನೋಡಿ ದುಃಖವಾಗುತ್ತದೆ ಅಂದುಕೊಂಡಿದ್ದೆ. ಆ ಹೊತ್ತಿಗೆ ಅವಳು ಸಣ್ಣ ಸ್ಕ್ರೂ ಕೇಳಿದಳು, ಹುಡುಕುವುದರಲ್ಲಿ ಮರೆತುಹೋಯಿತು.

ಮುಗಿಸಿ ಹೊಸ ಮುಚ್ಚಳದ ಒಳಮೈಗೆ 'ಎಂ. ಪೀಟ್ರಿ, 5-4-25' ಎಂದು ಬರೆದು ಪೆನ್ಸಿಲನ್ನು ನನಗೆ ಕೊಟ್ಟಳು.

"ನೀನೂ ಬರಿ ಅಪ್ಪ. ಕೆಳಗೆ ಜಾಗ ಇದೆ."

"ಬೇಡ. ಬೋರ್ಡು ಒಂದಾದ್ರೆ ಹೆಸರೂ ಒಂದೇ ಇರಬೇಕು. ನಾಳೆ ಯಾರಾದ್ರೂ ಬಿಚ್ಚಿದಾಗ ಯಾರನ್ನ ಕೇಳಬೇಕು ಅಂತ ಗೊತ್ತಾಗ್ಬೇಕು."

ಹಳೆಯ ಮುಚ್ಚಳವನ್ನು ಏನು ಮಾಡಲಿ ಎಂದು ಕೇಳಿದಳು. ವ್ಯಾನಿನಲ್ಲಿ ಇಟ್ಟುಕೊಂಡು, ಹೊಸದಾಗಿ ಕೆಲಸ ಕಲಿಯಲು ಬರುವವರಿಗೆ ತೋರಿಸು ಎಂದೆ. ಅವಳು ಅದನ್ನು ಎತ್ತಿಕೊಂಡು ಹೋಗಿ ವ್ಯಾನಿನ ಒಳಗೋಡೆಗೆ ಒರಗಿಸಿದಳು.

"ಆ ಕಡೆ ಅಲ್ಲ, ತಿರುಗಿಸಿಡು. ಹೆಸರು ಕಾಣಬೇಕು," ಎಂದೆ. ತಿರುಗಿಸಿಟ್ಟಳು. ಆಮೇಲೆ ನನ್ನ ತೋಳಿಗೆ ತೋಳು ಸೇರಿಸಿ ಒಳಗೆ ಕರೆದುಕೊಂಡು ಬಂದಳು.

ಸೂಪು ಕುದಿಯುತ್ತಿದೆ. ಕರೆಯುತ್ತಿದ್ದಾಳೆ. ಖಾನೆ ತುಂಬಿ ಏಳುತ್ತೇನೆ.

ಕೆಲಸ: 17ನೇ ಮನೆ, ಹಳೆಯ ಬೋರ್ಡು ತೆಗೆದು ಹೊಸದು ಕೂರಿಸಿದ್ದು. ಎಲೆಕ್ಟ್ರಿಷಿಯನ್: ಎಂ. ಪೀಟ್ರಿ. ಸಹಾಯಕ: ಆರ್. ಪೀಟ್ರಿ. ದೋಷ: ಇತ್ತು. ಈಗ ಇಲ್ಲ.